ಒತ್ತಿದ್ದು ಮೇಲಿನ ಎಸಳು, ಸಿಗುವುದು ಕೆಳಗಿನ ಎಸಳಿನ ಬಣ್ಣ: ಓಪನ್‌ಜಿಎಲ್‌ನಲ್ಲಿ ಪಿಕ್ಸೆಲ್ ಓದುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಲ್ಯಾಬ್‌ನ ಮಿನಿ ಪ್ರಾಜೆಕ್ಟ್‌ಗೆ ರಂಗೋಲಿಗೆ ಬಣ್ಣ ತುಂಬುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಿ ಭಾಷೆ, ಚಿತ್ರ ಬಿಡಿಸಲು ಓಪನ್‌ಜಿಎಲ್, ವಿಂಡೋ ಮತ್ತು ಮೌಸ್‌ಗೆ ಗ್ಲಟ್. ವಿಂಡೋ 500ಕ್ಕೆ 500. ಹಬ್ಬಕ್ಕೆ ಅಮ್ಮ ಅಂಗಳದಲ್ಲಿ ಹಾಕುವ ಎಂಟು ಎಸಳಿನ ಕಮಲವನ್ನೇ ಬಿಡಿಸಿದ್ದೇನೆ. ಎಸಳಿನ ಮೇಲೆ ಮೌಸ್ ಒತ್ತಿದರೆ ಅಲ್ಲಿನ ಬಣ್ಣ ಓದಿ, ಅಲ್ಲಿಂದ ಫ್ಲಡ್ ಫಿಲ್ (ಗೆರೆ ಸಿಗುವವರೆಗೆ ಬಣ್ಣ ಹರಡುವುದು) ಶುರುವಾಗಬೇಕು.

ಪರೀಕ್ಷೆಗೆ ಅಂತ ಮೇಲಿನ ಎಸಳಿಗೆ ಕೆಂಪು, ಕೆಳಗಿನದಕ್ಕೆ ಹಳದಿ ತುಂಬಿಟ್ಟಿದ್ದೇನೆ. ಕೆಂಪು ಎಸಳು ಒತ್ತಿದರೆ ಹಳದಿ ಬರುತ್ತಿದೆ! ಎಡಕ್ಕೆ, ಬಲಕ್ಕೆ ಇರುವ ಎಸಳುಗಳು ಮಾತ್ರ ಸರಿಯಾಗಿವೆ. ಇನ್ನೊಂದು, ಹಳದಿಗೆ ಕೆಂಪು, ಹಸಿರು, ನೀಲಿ ಕ್ರಮದಲ್ಲಿ 255, 255, 0 ಬರಬೇಕಲ್ವಾ? ನನಗೆ -1, -1, 0 ಬರುತ್ತಿದೆ. ಗೆಳೆಯನ ಮಾತು ಕೇಳಿ ಡ್ರೈವರ್ ಎರಡು ಸಲ ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಶುಕ್ರವಾರ ತೋರಿಸಬೇಕು.

ಉತ್ತರ

ಡ್ರೈವರ್ ಚೆನ್ನಾಗಿಯೇ ಇದೆ, ಅದನ್ನು ಬಿಡಿ. ಎಡ-ಬಲ ಸರಿ, ಮೇಲೆ-ಕೆಳಗೆ ತಪ್ಪು ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಗ್ಲಟ್ ಕೊಡುವ ಮೌಸ್‌ನ ವೈ ಮೇಲಿನಿಂದ ಎಣಿಸಿದ್ದು. ಬಣ್ಣ ಓದುವ ಜಿಎಲ್‌ರೀಡ್‌ಪಿಕ್ಸೆಲ್ಸ್ ಫಂಕ್ಷನ್ ಎಣಿಸುವುದು ಕೆಳಗಿನ ಎಡ ಮೂಲೆಯಿಂದ. ನೀವು ಮೇಲಿನಿಂದ 100 ಅಂತ ಒತ್ತಿದ್ದನ್ನು ಅದು ಕೆಳಗಿನಿಂದ 100 ಅಂತ ಓದುತ್ತದೆ. ಕಮಲ ಮೇಲೆ-ಕೆಳಗೆ ಒಂದೇ ಥರ ಇರುವುದರಿಂದ ಸರಿಯಾಗಿ ಎದುರಿನ ಎಸಳೇ ಸಿಕ್ಕಿದೆ. ಪಕ್ಕದ ಎಸಳುಗಳು ನಡುವಿನ ಸಾಲಿನಲ್ಲೇ ಇವೆ, ತಿರುಗಿಸಿದರೂ ಅಲ್ಲೇ ಉಳಿಯುತ್ತವೆ.

ಎತ್ತರದಿಂದ 1 ಕಳೆಯಿರಿ, ಆಮೇಲೆ ವೈ ಕಳೆಯಿರಿ. 500 - 1 - 100, ಅಂದರೆ 399. ಆ 1 ಬಿಡಬೇಡಿ. ಸಾಲುಗಳು 0ಯಿಂದ 499ರವರೆಗೆ ಇವೆ. 1 ಬಿಟ್ಟರೆ ಒಂದು ಸಾಲು ಮೇಲಿನದನ್ನು ಓದುತ್ತೀರಿ. ಎಸಳಿನ ನಡುವೆ ಅದು ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿ ಒತ್ತಿದಾಗ ಗೆರೆಯ ಬಣ್ಣ ಬಂದುಬಿಡುತ್ತದೆ. ಹಾಗೇ, 500 ಅಂತ ನೇರವಾಗಿ ಬರೆಯಬೇಡಿ. ವಿಂಡೋ ಅಳತೆ ಬದಲಾದಾಗ ಗ್ಲಟ್ ಕರೆಯುವ ರೀಶೇಪ್ ಫಂಕ್ಷನ್‌ಗೆ ಬರುವ ಎತ್ತರವನ್ನು ಇಟ್ಟುಕೊಳ್ಳಿ.

-1 ಬರುವುದು ಬಣ್ಣ ಇಡುವ ವೇರಿಯಬಲ್‌ಗೆ ನೀವು ಬರೀ ಚಾರ್ (ಒಂದು ಬೈಟ್‌ನ ಸಂಖ್ಯೆ) ಅಂತ ಹಾಕಿರುವುದಕ್ಕೆ. ನಿಮ್ಮ ಕಂಪೈಲರ್‌ನಲ್ಲಿ ಅದು -128ರಿಂದ 127ರವರೆಗೆ ಮಾತ್ರ. ಎಂಟೂ ಬಿಟ್ 1 ಆಗಿದ್ದರೆ ಅದನ್ನು -1 ಅಂತ ಓದುತ್ತದೆ. ಮೈನಸ್ ಇಲ್ಲದ ಅನ್‌ಸೈನ್ಡ್ ಚಾರ್ ಮಾಡಿ, 255 ಬರುತ್ತದೆ.

ಪ್ರಶ್ನೆ ಕೇಳಿದವರು

ಸರ್, ಎರಡೂ ಸರಿಯಾಯಿತು! ತುಂಬಾ ಧನ್ಯವಾದ. ಆದರೆ ಬಣ್ಣ ತುಂಬುವುದು ಬಹಳ ನಿಧಾನ. ಒಂದು ಎಸಳು ತುಂಬುವಷ್ಟರಲ್ಲಿ ಕಾದು ಸಾಕಾಗುತ್ತದೆ. ಸುತ್ತಲಿನ ಖಾಲಿ ಜಾಗದಲ್ಲಿ ಒತ್ತಿದರೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ಪ್ರತಿ ಪಿಕ್ಸೆಲ್‌ಗೂ ಒಮ್ಮೆ ಓದಿ, ಬಣ್ಣ ಹಚ್ಚಿ, ನಾಲ್ಕು ಪಕ್ಕಕ್ಕೆ ಅದೇ ಫಂಕ್ಷನ್ ಕರೆಯುತ್ತಿದ್ದೇನೆ.

ಉತ್ತರ

ಒಂದೊಂದೇ ಪಿಕ್ಸೆಲ್ ಓದುವುದೇ ನಿಧಾನಕ್ಕೆ ಕಾರಣ. ಪ್ರತಿ ಸಲ ಕೇಳಿದಾಗಲೂ ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿರುವ ಕೆಲಸ ಮುಗಿಸಬೇಕು, ಅಲ್ಲಿಯವರೆಗೆ ನಿಮ್ಮ ಪ್ರೋಗ್ರಾಂ ಕಾಯುತ್ತದೆ. ಒಂದು ಪಿಕ್ಸೆಲ್ ಕೇಳಿದರೂ ಕಾಯಬೇಕು, ಇಡೀ ವಿಂಡೋ ಕೇಳಿದರೂ ಕಾಯಬೇಕು. ಹಾಗಾಗಿ ಇಡೀ ವಿಂಡೋವನ್ನು ಒಂದೇ ಸಲ ಅರೇಗೆ ತಂದುಕೊಳ್ಳಿ. 500 × 500 × 3, ಅಂದರೆ 7,50,000 ಬೈಟ್. ಏನೇನೂ ಅಲ್ಲ. ಬಣ್ಣ ತುಂಬುವುದೆಲ್ಲ ಆ ಅರೇಯಲ್ಲೇ ಮಾಡಿ, ಕೊನೆಗೆ ಜಿಎಲ್‌ಡ್ರಾಪಿಕ್ಸೆಲ್ಸ್‌ನಿಂದ ಒಮ್ಮೆ ತೋರಿಸಿ.

ನಿಂತುಹೋಗುವುದು ರಿಕರ್ಷನ್‌ನಿಂದ, ಅಂದರೆ ಫಂಕ್ಷನ್ ತನ್ನನ್ನೇ ಕರೆಯುವುದರಿಂದ. ಖಾಲಿ ಜಾಗದಲ್ಲಿ ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್ ಇರಬಹುದು. ಒಂದರೊಳಗೊಂದು ಅಷ್ಟು ಕರೆ ಹೋದರೆ, ಕರೆಗಳನ್ನು ನೆನಪಿಡುವ ಜಾಗ, ಅಂದರೆ ಸ್ಟ್ಯಾಕ್, ತುಂಬುತ್ತದೆ. ಅದರ ಬದಲು, ಇನ್ನೂ ನೋಡಬೇಕಾದ ಪಿಕ್ಸೆಲ್‌ಗಳನ್ನು ಸಾಲಾಗಿ ಇಡಲು ನೀವೇ ಒಂದು ಕ್ಯೂ ಮಾಡಿಕೊಳ್ಳಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಏಕೆಂದರೆ ನಾನು ಎರಡು ರಾತ್ರಿ ಇದಕ್ಕೆ ಕಳೆದಿದ್ದೇನೆ. ನನ್ನ ಚಿತ್ರ ಒಂದು ಅಗಲದಲ್ಲಿ ಸರಿ ಬರುತ್ತಿತ್ತು, ವಿಂಡೋವನ್ನು ಒಂದೇ ಪಿಕ್ಸೆಲ್‌ನಷ್ಟು ಹೆಚ್ಚು ಅಗಲ ಮಾಡಿದರೆ ಓರೆಯಾಗಿ ಜಾರಿ, ಬಣ್ಣವೂ ಅದಲುಬದಲಾಗುತ್ತಿತ್ತು. ನಾವು ಬೇರೆ ಹೇಳದಿದ್ದರೆ ಓಪನ್‌ಜಿಎಲ್ ಪ್ರತಿ ಸಾಲನ್ನೂ 4ರಿಂದ ಭಾಗವಾಗುವ ಬೈಟ್‌ನಲ್ಲಿ ಶುರು ಮಾಡುತ್ತದೆ. ನಿಮ್ಮ ಸಾಲು 1500 ಬೈಟ್, ಸರಿಯಾಗಿ ಭಾಗವಾಗುತ್ತದೆ. ವಿಂಡೋ 501 ಆದರೆ 1503, ಅದು ಮುಂದಿನ ಸಾಲನ್ನು 1504ರಲ್ಲಿ ಇಡುತ್ತದೆ. ಸಾಲಿಗೆ ಒಂದು ಬೈಟ್ ಜರುಗುತ್ತಾ ಹೋಗುತ್ತದೆ. ಕೊನೆಗೆ ನಿಮ್ಮ ಅರೇಯಿಂದಾಚೆಗೂ ಬರೆಯುತ್ತದೆ. ಜಿಎಲ್‌ಪಿಕ್ಸೆಲ್‌ಸ್ಟೋರ್‌ಐನಲ್ಲಿ ಪ್ಯಾಕ್ ಅಲೈನ್‌ಮೆಂಟ್ (ಆ 4ರ ಲೆಕ್ಕ) 1 ಮಾಡಿ ಓದಿ. ವಾಪಸ್ ಬರೆಯುವಾಗ ಅನ್‌ಪ್ಯಾಕ್ ಅಲೈನ್‌ಮೆಂಟ್ ಕೂಡ 1 ಮಾಡಿ.

ಇನ್ನೊಬ್ಬರ ಉತ್ತರ

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಡಬಲ್ ಬಫರ್ (ಒಂದು ಪರದೆಗೆ, ಇನ್ನೊಂದು ಹಿಂದೆ ಚಿತ್ರ ಬಿಡಿಸುವುದಕ್ಕೆ) ಇದ್ದರೆ ಓದುವುದು ಹಿಂದಿನ ಬಫರ್‌ನಿಂದ. ಸ್ವಾಪ್ ಆಗಿ ಅದು ಪರದೆಗೆ ಬಂದ ಮೇಲೆ ಹಿಂದಿನದರಲ್ಲಿ ಏನಿರುತ್ತದೆ ಅನ್ನುವ ಭರವಸೆ ಇಲ್ಲ. ಚಿತ್ರ ಬಿಡಿಸಿದ ಮೇಲೆ, ಸ್ವಾಪ್‌ಗೆ ಮುಂಚೆ ಓದಿ.

ಪ್ರಶ್ನೆ ಕೇಳಿದವರು

ಈಗ ಒತ್ತಿದ ಕೂಡಲೇ ಎಸಳು ತುಂಬುತ್ತದೆ. ವಿಂಡೋ ಎಳೆದೂ ನೋಡಿದೆ, ಓರೆಯಾಗಲಿಲ್ಲ. ಅಮ್ಮನಿಗೆ ತೋರಿಸಿದೆ. ಗೆರೆ ಪಕ್ಕ ಸಣ್ಣಗೆ ಬಿಳಿ ಉಳಿದಿದೆಯಲ್ಲ, ಅಲ್ಲಿಗೆ ಬಣ್ಣ ಮುಟ್ಟಿಲ್ಲ ಅಂದರು. ದೊಡ್ಡದು ಮಾಡಿ ನೋಡಿದರೆ ನಿಜವಾಗಲೂ ಇದೆ.

ಉತ್ತರ

ಅಮ್ಮನ ಕಣ್ಣು ಸರಿಯಾಗಿದೆ. ಗೆರೆಯ ಅಂಚು ನಯ ಮಾಡುವ ಲೈನ್ ಸ್ಮೂತ್ ಹಾಕಿದ್ದೀರಾ ನೋಡಿ. ಹಾಕಿದ್ದರೆ ಗೆರೆಯ ಅಂಚಿನ ಪಿಕ್ಸೆಲ್‌ಗಳು ಅತ್ತ ಬಿಳಿಯೂ ಅಲ್ಲ, ಇತ್ತ ಕಪ್ಪೂ ಅಲ್ಲ. ಬಿಳಿಗೆ ಸರಿಸಮ ಇದ್ದರೆ ಮಾತ್ರ ತುಂಬು ಅಂದರೆ ಅವು ಹೊರಗೇ ಉಳಿಯುತ್ತವೆ. ಓದುವ ಚಿತ್ರಕ್ಕೆ ಸ್ಮೂತ್ ತೆಗೆದುಬಿಡಿ.