‘ಕೂಸು ಉಳೀಲಿಲ್ಲ’ ಅಂದರೆ ಯಾವ ಕಾಲಂನಲ್ಲಿ ಬರೆಯೋದು?

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರಿಗೆ ಅಂತ ತಿಳಿಗನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ, ಕಲಬುರಗಿಯಲ್ಲಿ. ಒಂದು ಮಾತಿನ ಹತ್ತಿರ ಬಂದು ಗಾಡಿ ನಿಂತಿದೆ.

ನಮ್ಮ ಚಿತ್ತಾಪುರ, ಸೇಡಂ ಕಡೆ ‘ಕೂಸು ಉಳೀಲಿಲ್ರೀ’ ಅಂತಾರೆ. ಅಷ್ಟೇ. ಹೊಟ್ಟೆಯಲ್ಲೇ ಜೀವ ಹೋಗಿದ್ದರೂ ಅದೇ ಮಾತು, ಹುಟ್ಟಿ ಎರಡು ಸಲ ಉಸಿರಾಡಿ ಹೋದರೂ ಅದೇ, ಹದಿನೈದನೇ ದಿನ ಜ್ವರ ಬಂದು ಹೋದರೂ ಅದೇ. ಮನೆಯವರಿಗೆ ಅದಕ್ಕಿಂತ ಜಾಸ್ತಿ ಹೇಳಲು ಬಾಯಿ ಬರಲ್ಲ. ಆದರೆ ರಿಜಿಸ್ಟರ್‌ನಲ್ಲಿ ಇವು ಬೇರೆ ಬೇರೆ. 28 ವಾರ ತುಂಬಿದ ಮೇಲೆ ಜೀವ ಇಲ್ಲದೆ ಹುಟ್ಟಿದರೆ ‘ನಿರ್ಜೀವ ಜನನ’. ಒಂದೇ ಒಂದು ಉಸಿರು ಎಳೆದರೂ, ಹೊಕ್ಕುಳಬಳ್ಳಿ ಮಿಡಿದರೂ ಅದು ಸಜೀವ ಜನನ. ಆಮೇಲೆ 28 ದಿನದೊಳಗೆ ಹೋದರೆ ನವಜಾತ ಶಿಶು ಮರಣ. (ಅಲ್ಲಿ ವಾರ 28, ಇಲ್ಲಿ ದಿನ 28, ಗೊಂದಲಕ್ಕೆ ಇನ್ನೇನು ಬೇಕು!)

ಶಿಶು ಮರಣ ದರ ಅಂದರೆ 1,000 ಸಜೀವ ಜನನಕ್ಕೆ ವರ್ಷ ತುಂಬದ ಎಷ್ಟು ಕೂಸುಗಳು ಹೋದವು ಅನ್ನೋ ಲೆಕ್ಕ. ಉಸಿರಾಡಿ ಹೋದ ಕೂಸನ್ನು ‘ಸತ್ತೇ ಹುಟ್ಟಿತ್ತು’ ಅಂತ ಬರೆದುಬಿಟ್ಟರೆ ಹುಟ್ಟೂ ಹೋಯಿತು, ಸಾವೂ ಹೋಯಿತು, ದರ ಮಾತ್ರ ಚೆಂದ ಕಾಣುತ್ತೆ. ಮುಂದೆ ಕೇಳಬೇಕಾದ್ದೂ ಬದಲಾಗುತ್ತೆ. ನೋವು ತಿನ್ನುವಾಗಲೇ ಜೀವ ಹೋಗಿದ್ದರೆ ಕೂಸಿನ ಎದೆಬಡಿತ ಯಾರು ನೋಡಿದರು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು ಅಂತ ಕೇಳಬೇಕು. ಹುಟ್ಟಿದ ಮೇಲೆ ಹೋಗಿದ್ದರೆ ತೂಕ ಎಷ್ಟಿತ್ತು, ಬೆಚ್ಚಗೆ ಇಟ್ಟಿದ್ದರಾ, ಎದೆಹಾಲು ಕುಡೀತಾ ಅಂತ.

ಬಾಣಂತಿಯ ಎದುರು ಕೂತು ‘ನಿರ್ಜೀವ ಜನನಾನಾ?’ ಅಂತ ಕೇಳಲು ಆಗುತ್ತಾ? ಸದ್ಯಕ್ಕೆ ‘ಕೂಸು ಅತ್ತಿತ್ತಾ? ಉಸಿರಿತ್ತಾ? ಕೈಕಾಲು ಆಡಿಸಿತ್ತಾ?’ ಅಂತ ಬರೆದಿದ್ದೇನೆ. ‘ಅತ್ತಿತ್ತಾ’ ಒಂದೇ ಸಾಲದು, ಅಳದೆ ಉಸಿರಾಡುವ ಕೂಸುಗಳೂ ಇರುತ್ತವೆ. ‘ಸತ್ತ ಕೂಸು ಹಡದಾಳ’ ಅನ್ನೋದು ಕೇಳಿ ಗೊತ್ತು, ಆದರೆ ಅದರಲ್ಲಿ ತಪ್ಪೆಲ್ಲ ತಾಯಿ ಮೇಲೆ ಹಾಕಿದ ಹಾಗಿದೆ, ನನಗೆ ಹಿಡಿಸಲಿಲ್ಲ.

ಬೀದರ್, ಔರಾದ್, ಶಹಾಪುರ ಕಡೆಯವರು ಹೇಳಿ: ಜೀವ ಇಲ್ಲದೆ ಹುಟ್ಟಿದ್ದಕ್ಕೂ, ಹುಟ್ಟಿದ ಮೇಲೆ ಹೋಗಿದ್ದಕ್ಕೂ ನಿಮ್ಮಲ್ಲಿ ಸೂಲಗಿತ್ತಿಯರು, ಅಜ್ಜಿಯರು ಬೇರೆ ಬೇರೆ ಮಾತು ಆಡುತ್ತಾರಾ? ತಾಂಡಾಗಳಲ್ಲಿ ಏನಂತಾರೆ?

ಹಾಗೇ ಇನ್ನೊಂದು. ಆರೋಗ್ಯದ ಲೆಕ್ಕದಲ್ಲಿ ಹದಿಹರೆಯ ಅಂದರೆ 10ರಿಂದ 19 ವರ್ಷ. ನಾಲ್ಕನೇ ಕ್ಲಾಸು, ಐದನೇ ಕ್ಲಾಸಿನ ಹುಡುಗಿಗೆ ಆ ಪದ ಒಗ್ಗಲ್ಲ ಅಲ್ವಾ? ‘ಕಿಶೋರಿ’ ಅಂದರೆ ಹುಡುಗರು ಬಿಟ್ಟುಹೋಗುತ್ತಾರೆ. ನಾನು ಸುಮ್ನೆ ‘10ರಿಂದ 19 ವರ್ಷದ ಮಕ್ಕಳು’ ಅಂತ ಬರೆಯೋಣ ಅಂತಿದ್ದೇನೆ, ಇದಕ್ಕಿಂತ ಒಳ್ಳೇದಿದ್ದರೆ ತಿಳಿಸಿ.