ಟರ್ನರಿ ಫೇಸ್ ಡಯಾಗ್ರಾಂ ಮ್ಯಾಪ್ ಮಾಡೋಕೆ ಕಾಂಬಿನೇಟೋರಿಯಲ್ ವೇಫರ್ ನಂಬಬಹುದಾ?

ಮಿಶ್ರಲೋಹ:
ಎಲ್ರಿಗೂ ನಮಸ್ಕಾರ. ಮೂರು ಟ್ರಾನ್ಸಿಷನ್ ಮೆಟಲ್ ಇರೋ ಒಂದು ಸಿಸ್ಟಮ್ ಮೇಲೆ ಕೆಲಸ ಶುರು ಮಾಡ್ತಿದೀನಿ, ಒಂದು ಟೆಂಪರೇಚರ್‌ನಲ್ಲಿ ಐಸೋಥರ್ಮಲ್ ಸೆಕ್ಷನ್ ಬೇಕು, ಅಂದ್ರೆ ಆ ಟೆಂಪರೇಚರಲ್ಲಿ ಯಾವ ಕಾಂಪೊಸಿಷನ್ ಯಾವ ಫೇಸ್ (ಕ್ರಿಸ್ಟಲ್ ರಚನೆ) ಆಗಿರುತ್ತೆ ಅಂತ ತೋರಿಸೋ ತ್ರಿಕೋನ ಮ್ಯಾಪ್. 5 ಪರ್ಸೆಂಟ್ ಸ್ಟೆಪ್ ಇಟ್ಕೊಂಡ್ರೂ 231 ಕಾಂಪೊಸಿಷನ್ ಆಗುತ್ತೆ, ಒಂದೊಂದನ್ನೂ ಆರ್ಕ್ ಮೆಲ್ಟ್ ಮಾಡಿ (ವಿದ್ಯುತ್ ಆರ್ಕ್ ಶಾಖದಲ್ಲಿ ಕರಗಿಸಿ) ಕ್ವಾರ್ಟ್ಜ್ ಟ್ಯೂಬಲ್ಲಿ ಸೀಲ್ ಮಾಡಿ ವಾರಗಟ್ಟಲೆ ಅನೀಲ್ ಮಾಡಿ (ಬಿಸಿಯಲ್ಲಿಟ್ಟು) ಕ್ವೆಂಚ್ ಮಾಡಿ (ಥಟ್ಟನೆ ತಣ್ಣಗಾಗಿಸಿ) ಕ್ರಿಸ್ಟಲ್ ರಚನೆ ನೋಡೋ ಎಕ್ಸ್-ರೇ ಅಳತೆ, ಅಂದ್ರೆ ಎಕ್ಸ್‌ಆರ್‌ಡಿ ತೆಗೀತಾ ಕೂತ್ರೆ ಇದು ಮುಗಿಯೋ ಕೆಲಸ ಅಲ್ಲ. ಕೋ-ಸ್ಪಟರಿಂಗ್ ಮಾಡಿ (ಮೂರೂ ಮೆಟಲ್ ಪರಮಾಣುಗಳನ್ನ ಒಟ್ಟಿಗೆ ಎರಚಿ ತೆಳು ಫಿಲ್ಮ್ ಕೂರಿಸಿ) ಒಂದೇ ವೇಫರ್ (ತೆಳು ಬಿಲ್ಲೆ) ಮೇಲೆ ಅಷ್ಟೂ ಕಾಂಪೊಸಿಷನ್ ತರಬಹುದು ಅಂತಾರೆ, ಕಾಂಬಿನೇಟೋರಿಯಲ್ ವೇಫರ್ ಅನ್ನೋದು ಇದಕ್ಕೇ. ಆದ್ರೆ ಅದರಲ್ಲಿ ಸಿಗೋದು ನಿಜವಾದ ಈಕ್ವಿಲಿಬ್ರಿಯಂ (ಇನ್ನೆಷ್ಟು ಹೊತ್ತಿಟ್ರೂ ಬದಲಾಗದ ಸ್ಥಿತಿ) ಡಯಾಗ್ರಾಮಾ, ಇಲ್ಲಾ ಬರೀ ಆ ಫಿಲ್ಮ್‌ಗೆ ಸೀಮಿತವಾದ ಮ್ಯಾಪಾ? ಮಾಡಿದವ್ರು ದಯವಿಟ್ಟು ಹೇಳಿ.

ತೆಳುಪದರ:
ಐಡಿಯಾ ಹಳೇದೇ. 1965ರಲ್ಲೇ ಕೆನಡಿ ಮತ್ತವರ ಜೊತೆಗಾರರು ಐರನ್-ಕ್ರೋಮಿಯಂ-ನಿಕಲ್ ಮೂರನ್ನೂ ಒಟ್ಟಿಗೆ ಆವಿ ಮಾಡಿ ಒಂದೇ ಹಾಳೆ ಮೇಲೆ ಕೂರಿಸಿ ಟರ್ನರಿ ಡಯಾಗ್ರಾಂ ತೆಗೆಯೋ ದಾರಿ ತೋರಿಸಿದ್ರು, 1970ರಲ್ಲಿ ಆರ್‌ಸಿಎ ಲ್ಯಾಬ್‌ನ ಹನಾಕ್ ಕೋ-ಸ್ಪಟರಿಂಗ್ ಬಳಸಿ ಇದೇ ಮಾತು ಹೇಳಿದ್ರು. ಆಗ ಅಷ್ಟು ಡೇಟಾ ಅಳೆಯೋಕೆ, ನೋಡೋಕೆ ಕಂಪ್ಯೂಟರ್ ಇರ್ಲಿಲ್ಲ, ಅದಕ್ಕೇ ತುಂಬಾ ವರ್ಷ ಯಾರೂ ಕೈ ಹಾಕ್ಲಿಲ್ಲ.

ಮಾಡೋ ರೀತಿ: ಮೂರು ಟಾರ್ಗೆಟ್ (ಒಂದೊಂದು ಮೆಟಲ್ಲಿನ ಮೂಲ ತುಂಡು) 120 ಡಿಗ್ರಿ ಅಂತರದಲ್ಲಿ ಇಟ್ಟು, ಸಬ್‌ಸ್ಟ್ರೇಟ್ (ಅಂದ್ರೆ ವೇಫರ್) ತಿರುಗಿಸದೆ ಡಿಪಾಸಿಟ್ ಮಾಡೋದು, ಯಾವ ಟಾರ್ಗೆಟ್‌ಗೆ ಹತ್ರಾನೋ ಆ ಕಡೆ ಆ ಮೆಟಲ್ ಜಾಸ್ತಿ. ಆಟಮ್ ಲೆವೆಲ್‌ನಲ್ಲೇ ಬೆರೆತಿರೋದ್ರಿಂದ ಅನೀಲ್ ಮಾಡಿದಾಗ ಪರಮಾಣುಗಳು ತುಂಬಾ ದೂರ ಡಿಫ್ಯೂಸ್ ಆಗೋ (ಸರಿದು ಬೆರೆಯೋ) ಅಗತ್ಯ ಇಲ್ಲ, ಅದೇ ಇದರ ದೊಡ್ಡ ಲಾಭ. ಪಕ್ಕಪಕ್ಕದ ಕಾಂಪೊಸಿಷನ್ ಒಂದಕ್ಕೊಂದು ಬೆರೆಯುತ್ತೆ ಅಂತ ಹೆದರಬೇಡಿ, ಗ್ರೇಡಿಯಂಟ್ ಮಿಲಿಮೀಟರ್ ಲೆಕ್ಕದಲ್ಲಿದೆ, ಡಿಫ್ಯೂಷನ್ ಮೈಕ್ರಾನ್ ಲೆಕ್ಕದಲ್ಲಿದೆ. ಒಂದು ಗಮನಿಸಿ, ಒಂದೇ ಡಿಪಾಸಿಷನ್‌ನಲ್ಲಿ ತ್ರಿಕೋನದ ಮೂಲೆಗಳು ಸಾಮಾನ್ಯವಾಗಿ ಸಿಗಲ್ಲ, ಪವರ್ ಬದಲಾಯಿಸಿ ಇನ್ನೊಂದೆರಡು ವೇಫರ್ ಮಾಡ್ಬೇಕಾಗುತ್ತೆ. ಮತ್ತೆ ಕಾಂಪೊಸಿಷನ್ ಲೆಕ್ಕ ಹಾಕಿ ಊಹಿಸಬೇಡಿ, ಇಡಿಎಸ್ ಅಥವಾ ಎಕ್ಸ್‌ಆರ್‌ಎಫ್‌ನಲ್ಲಿ (ಎರಡೂ ಯಾವ ಮೆಟಲ್ ಎಷ್ಟಿದೆ ಅಂತ ಹೇಳೋ ಎಕ್ಸ್-ರೇ ಅಳತೆಗಳು) ಪಾಯಿಂಟ್ ಪಾಯಿಂಟ್ ಅಳೀರಿ.

ಕುಲುಮೆ:
ಮೇಲೆ ಹೇಳಿದ್ದೆಲ್ಲ ಸರಿ, ಆದ್ರೆ ಮೂಲ ಪ್ರಶ್ನೆಗೆ ನನ್ನ ಉತ್ತರ: ಫಿಲ್ಮ್‌ನಲ್ಲಿ ಕಂಡ ಗಡಿಯನ್ನ ಹಾಗ್ಹಾಗೇ ಡಯಾಗ್ರಾಂ ಅಂತ ಪ್ರಿಂಟ್ ಮಾಡ್ಬೇಡಿ. ರೂಮ್ ಟೆಂಪರೇಚರ್‌ನಲ್ಲಿ ಸ್ಪಟರ್ ಆದಾಗ ಎಷ್ಟೋ ಕಾಂಪೊಸಿಷನ್ ಅಮಾರ್ಫಸ್ (ಕ್ರಿಸ್ಟಲ್ ಕ್ರಮ ಇಲ್ಲದ್ದು) ಆಗಿರುತ್ತೆ ಅಥವಾ ಕರಗಬಾರದಷ್ಟು ಕರಗಿದ ಸಾಲಿಡ್ ಸೊಲ್ಯೂಷನ್ (ಒಂದು ಮೆಟಲ್ ಇನ್ನೊಂದರ ಕ್ರಿಸ್ಟಲ್ ಒಳಗೆ ಬೆರೆತಿರೋದು) ಆಗಿರುತ್ತೆ. ಅನೀಲ್ ಮಾಡೋಕೆ ಹೋದ್ರೆ ಸಿಲಿಕಾನ್ ವೇಫರ್ ಮೇಲಿನ ಮೆಟಲ್ ಸಿಲಿಕಾನ್ ಜೊತೆ ಸೇರಿ ಸಿಲಿಸೈಡ್ ಆಗಿಬಿಡುತ್ತೆ, ಮಧ್ಯೆ ಒಳ್ಳೆ ಬ್ಯಾರಿಯರ್ ಲೇಯರ್ ಇರ್ಲೇಬೇಕು. ಅಷ್ಟು ತೆಳು ಫಿಲ್ಮ್‌ಗೆ ಫರ್ನೇಸ್‌ನಲ್ಲಿ ಉಳಿದಿರೋ ಚೂರು ಆಕ್ಸಿಜನ್ನೂ ಜಾಸ್ತೀನೇ.

ಟೈ-ಲೈನ್ (ಈಕ್ವಿಲಿಬ್ರಿಯಂನಲ್ಲಿ ಜೊತೆಗಿರೋ ಎರಡು ಫೇಸ್ ಕಾಂಪೊಸಿಷನ್ ಸೇರಿಸೋ ಗೆರೆ) ಬೇಕು ಅಂದ್ರೆ ಡಿಫ್ಯೂಷನ್ ಮಲ್ಟಿಪಲ್ ನೋಡಿ, ಜಿಇ ರಿಸರ್ಚ್‌ನಲ್ಲಿದ್ದಾಗ ಜೆ. ಸಿ. ಝಾವೋ ಬೆಳೆಸಿದ ವಿಧಾನ. ಮೆಟಲ್ ತುಂಡುಗಳನ್ನ ಒಂದಕ್ಕೊಂದು ಅಂಟೋ ಹಾಗೆ ಹಿಪ್ ಮಾಡಿ (ಬಿಸಿ ಮಾಡಿ ಗ್ಯಾಸ್ ಒತ್ತಡದಲ್ಲಿ ಒತ್ತಿ), ಹೈ ಟೆಂಪರೇಚರ್‌ನಲ್ಲಿ ತುಂಬಾ ಹೊತ್ತು ಇಟ್ಟು ಕ್ವೆಂಚ್ ಮಾಡಿ, ಮೂರು ಮೆಟಲ್ ಸೇರೋ ಜಾಗದ ಸುತ್ತ ಮೈಕ್ರೋಪ್ರೋಬ್ (ಚಿಕ್ಕ ಚಿಕ್ಕ ಜಾಗದ ಕಾಂಪೊಸಿಷನ್ ಅಳೆಯೋ ಉಪಕರಣ) ಓಡಿಸ್ತಾರೆ. ಎರಡು ಫೇಸ್ ಮಧ್ಯದ ಗಡಿಯಲ್ಲಿ ಲೋಕಲ್ ಈಕ್ವಿಲಿಬ್ರಿಯಂ ಇರುತ್ತೆ ಅನ್ನೋದೇ ಇದಕ್ಕೆ ಆಧಾರ, ಗಡಿಯ ಆ ಕಡೆ ಈ ಕಡೆ ಅಳೆದ ಎರಡು ಕಾಂಪೊಸಿಷನ್ನೇ ಟೈ-ಲೈನ್‌ನ ಎರಡು ತುದಿ. ಇದರ ತೊಂದರೆ ಏನಂದ್ರೆ ಸಿಗ್ಮಾ ಅನ್ನೋ ಫೇಸ್ ಥರ ನ್ಯೂಕ್ಲಿಯೇಟ್ ಆಗೋಕೆ (ಮೊದಲ ಕಣ ಹುಟ್ಟೋಕೆ) ಹಠ ಮಾಡೋ ಫೇಸ್ ಕಾಣದೇ ಹೋಗಬಹುದು, ಅನುಮಾನ ಇರೋ ಕಡೆ ಬಲ್ಕ್ (ಫಿಲ್ಮ್ ಅಲ್ಲದ, ದಪ್ಪ ತುಂಡಿನ) ಸ್ಯಾಂಪಲ್ ಹಾಕ್ಲೇಬೇಕು.

ಶಿಖರರೇಖೆ:
ನಾನು ಡೇಟಾ ಕಡೆಯವಳು. ಎಲ್ರೂ ಮೊದಲು ಎನ್‌ಎಂಎಫ್ (ನಾನ್-ನೆಗೆಟಿವ್ ಮ್ಯಾಟ್ರಿಕ್ಸ್ ಫ್ಯಾಕ್ಟರೈಸೇಷನ್ ಅನ್ನೋ ಗಣಿತ ವಿಧಾನ) ಹಾಕ್ತಾರೆ, ಎಕ್ಸ್‌ಆರ್‌ಡಿ ಪ್ಯಾಟರ್ನ್‌ಗಳನ್ನೆಲ್ಲ ನಾಲ್ಕೈದು ಮೂಲ ಪ್ಯಾಟರ್ನ್ ಆಗಿ ಒಡೆಯುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಸಾಲಿಡ್ ಸೊಲ್ಯೂಷನ್‌ನಲ್ಲಿ ಕಾಂಪೊಸಿಷನ್ ಬದಲಾದ ಹಾಗೆ ಲ್ಯಾಟಿಸ್ (ಪರಮಾಣುಗಳ ಜಾಲ) ಹಿಗ್ಗಿ ಕುಗ್ಗಿ ಪ್ಯಾಟರ್ನಿನ ಪೀಕ್ ಸರಿಯುತ್ತೆ, ಎನ್‌ಎಂಎಫ್‌ಗೆ ಅದು ಗೊತ್ತಾಗದೆ ಒಂದೇ ಫೇಸನ್ನ ಎರಡು ಮೂರು ಅಂತ ತೋರಿಸುತ್ತೆ. ಪೀಕ್ ಶಿಫ್ಟ್ ಲೆಕ್ಕಕ್ಕೆ ತಗೊಳ್ಳೋ, ಗಿಬ್ಸ್ ರೂಲ್ (ಈಕ್ವಿಲಿಬ್ರಿಯಂನಲ್ಲಿ ಎಷ್ಟು ಫೇಸ್ ಒಟ್ಟಿಗಿರಬಹುದು ಅನ್ನೋ ನಿಯಮ) ಮೀರದ ಆಲ್ಗರಿದಮ್‌ಗಳಿವೆ, ಅವನ್ನೇ ಬಳಸಿ.

ಈ ಗಿಬ್ಸ್ ರೂಲ್‌ನಿಂದಲೇ ನಿಮ್ಮ ಪ್ರಶ್ನೆಗೆ ಒಂದು ಟೆಸ್ಟ್ ಸಿಗುತ್ತೆ. ಟೆಂಪರೇಚರ್, ಪ್ರೆಶರ್ ಫಿಕ್ಸ್ ಇದ್ದಾಗ ಟರ್ನರಿಯಲ್ಲಿ ಮೂರು ಫೇಸ್ ಒಟ್ಟಿಗಿದ್ರೆ ಸ್ವಾತಂತ್ರ್ಯ ಸೊನ್ನೆ, ಅಂದ್ರೆ ಆ ಟೈ-ಟ್ರಯಾಂಗಲ್ (ಮ್ಯಾಪಲ್ಲಿ ಮೂರು ಫೇಸ್ ಒಟ್ಟಿಗಿರೋ ತ್ರಿಕೋನ ಜಾಗ) ಒಳಗೆ ಎಲ್ಲೇ ಅಳೆದ್ರೂ ಮೂರೂ ಫೇಸ್‌ನ ಪೀಕ್ ಜಾಗ ಬದಲಾಗಬಾರದು, ಇಂಟೆನ್ಸಿಟಿ ಮಾತ್ರ ಬದಲಾಗಬೇಕು. ನಿಮ್ಮ ಮೂರು-ಫೇಸ್ ಜಾಗದಲ್ಲಿ ಪೀಕ್ ಇನ್ನೂ ಜಾರ್ತಾ ಇದ್ರೆ ಈಕ್ವಿಲಿಬ್ರಿಯಂ ಬಂದಿಲ್ಲ ಅಂತ ಅನುಮಾನ ಪಡಿ (ಫಿಲ್ಮ್‌ನ ಸ್ಟ್ರೆಸ್‌ನಿಂದಲೂ ಸ್ವಲ್ಪ ಜಾರುತ್ತೆ, ಅದನ್ನ ಬೇರೆ ಮಾಡಿ ನೋಡ್ಬೇಕು). ಡೇಟಾ ಕೈಯಲ್ಲಿದ್ರೆ ಇದಕ್ಕೆ ಬೇರೆ ಎಕ್ಸ್‌ಪೆರಿಮೆಂಟೇ ಬೇಡ, ಆದ್ರೂ ಜನ ಮಾಡಲ್ಲ, ನನಗೆ ತುಂಬಾ ಬೇಜಾರಾಗೋದು ಇದೇ.

ಅಂದಹಾಗೆ ಪ್ರತಿ ಪಾಯಿಂಟೂ ಅಳೆಯಲೇಬೇಕು ಅಂತೇನಿಲ್ಲ. 2020ರಲ್ಲಿ ಬಂದ ಕೇಮಿಯೋ ಅನ್ನೋ ಸಿಸ್ಟಮ್ ಜರ್ಮೇನಿಯಂ-ಆಂಟಿಮನಿ-ಟೆಲ್ಯೂರಿಯಂ ಲೈಬ್ರರಿಯ 177 ಕಾಂಪೊಸಿಷನ್‌ನಲ್ಲಿ ಮುಂದೆ ಯಾವುದನ್ನ ಅಳೀಬೇಕು ಅಂತ ತಾನೇ ಆರಿಸಿಕೊಳ್ತಾ ಹೋಗಿ ಫೇಸ್ ಮ್ಯಾಪೂ ಕಟ್ತು, ಹೊಸ ಫೇಸ್-ಚೇಂಜ್ ಮೆಮೊರಿ ಮೆಟೀರಿಯಲ್ಲೂ ಹುಡುಕ್ತು.

ಮಿಶ್ರಲೋಹ:
ತುಂಬಾ ಥ್ಯಾಂಕ್ಸ್, ಪೀಕ್ ಜಾರೋ ಟೆಸ್ಟ್ ಎಲ್ಲೂ ಇಷ್ಟು ಸ್ಪಷ್ಟವಾಗಿ ಓದಿರ್ಲಿಲ್ಲ. ಹಾಗಾದ್ರೆ ಅನೀಲ್ ಎಷ್ಟು ಹೊತ್ತು ಅಂತ ಹೇಗೆ ತೀರ್ಮಾನ ಮಾಡೋದು?

ಕುಲುಮೆ:
ಅದೇ ಸೆಟ್ಟಿಂಗ್‌ನಲ್ಲಿ ಎರಡು ವೇಫರ್ ಮಾಡಿ, ಒಂದೇ ಟೆಂಪರೇಚರ್, ಎರಡನೇದಕ್ಕೆ ಹತ್ತರಷ್ಟು ಹೊತ್ತು ಕೊಡಿ. ಎರಡು ಮ್ಯಾಪಲ್ಲೂ ಗಡಿ ಅಲ್ಲೇ ಇದ್ರೆ ಮುಂದುವರೀರಿ. ಎಲ್ಲಿ ಜರುಗಿದೆಯೋ ಆ ಜಾಗಕ್ಕೆ ಮಾತ್ರ ಆರ್ಕ್ ಮೆಲ್ಟ್ ಸ್ಯಾಂಪಲ್ ಮಾಡಿ, 231 ಮಾಡೋ ಅಗತ್ಯ ಬರಲ್ಲ. ಎರಡು ಮ್ಯಾಪೂ ಇಲ್ಲೇ ಹಾಕಿ, ನೋಡೋಣ.