ಪಿಡಿಎಫ್ ಓದೋಕೆ ದೊಡ್ಡ ಫೋನಾ, ಚಿಕ್ಕ ಟ್ಯಾಬಾ?

ಪ್ರಶ್ನೆ: ಕೆಪಿಎಸ್‌ಸಿ ತಯಾರಿಗೆ ಎ4 ಅಳತೆಯ ಪಿಡಿಎಫ್ ನೋಟ್ಸ್ ಓದಬೇಕು. 6.8 ಇಂಚಿನ ಫೋನ್ ಸಾಕಾ, 8.7 ಇಂಚಿನ ಟ್ಯಾಬ್ ಬೇಕಾ?

ಉತ್ತರ 1: ಇಂಚು ಬಿಡಿ, ಪರದೆಯ ಅಗಲ ನೋಡಿ. ಆ ಫೋನಿನದು ಸುಮಾರು 7 ಸೆಂ.ಮೀ., ಟ್ಯಾಬಿನದು 11, ಎ4 ಹಾಳೆಯದು 21. ಅಂದರೆ 12 ಪಾಯಿಂಟ್ ಅಕ್ಷರ ಫೋನಲ್ಲಿ 4ಕ್ಕೆ ಕುಗ್ಗುತ್ತೆ, ಟ್ಯಾಬಲ್ಲಿ 6ರ ಮೇಲೆ ಉಳಿಯುತ್ತೆ. ಪುಟದ ಅಂಚು ಕ್ರಾಪ್ ಮಾಡಿದರೆ ಟ್ಯಾಬಲ್ಲಿ ಓದಬಹುದು. ಫೋನಲ್ಲಿ ದೊಡ್ಡದು ಮಾಡಿ ಪ್ರತಿ ಸಾಲಿಗೂ ಎಳೆದಾಡಬೇಕು.

ಉತ್ತರ 2: ರೆಸಲ್ಯೂಶನ್ನೂ ನೋಡಿ ಸಾರ್. ಅಗ್ಗದ ಟ್ಯಾಬ್ ಹಲವು 1340×800, ಇಂಚಿಗೆ 180 ಪಿಕ್ಸೆಲ್ ಅಷ್ಟೆ. ಸಣ್ಣ ಅಕ್ಷರದಲ್ಲಿ ಒತ್ತುಗಳು ಕಲಸಿಹೋಗುತ್ತವೆ. 1920×1200 ಸಿಕ್ಕರೆ ಬಿಡಬೇಡಿ.

ಉತ್ತರ 3: ಫೋನ್ ಬದಲು ಟ್ಯಾಬ್ ತಗೊಂಡರೆ ಒಂದು ನೆನಪಿಡಿ, ಸಿಮ್ ಇಲ್ಲದ ಟ್ಯಾಬಲ್ಲಿ ಯುಪಿಐ ನೋಂದಣಿಗೆ ಎಸ್ಸೆಮ್ಮೆಸ್ ಹೋಗಲ್ಲ. ಯುಪಿಐಗೆ ಹಳೇ ಫೋನ್ ಇಟ್ಟುಕೊಂಡು, ಟ್ಯಾಬಿನ ಇಂಟರ್ನೆಟ್ಟಿಗೆ ಅದರಿಂದಲೇ ಹಾಟ್‌ಸ್ಪಾಟ್ ಕೊಡಿ.